ಅತ್ತೆಗೆ ನಾನು ಓದಿ ಹೇಳಿದ ನಟಿ

ಅಮೇರಿಕದ ಆ ನಟಿ ತುಂಬು ವಯಸ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ತೀರಿಕೊಂಡಳು ಎಂದು ಪತ್ರಿಕೆಯ ಒಳಪುಟದಲ್ಲಿ ಓದಿದಾಗ ನನಗೆ ಮೊದಲು ಬಂದದ್ದು ಹೊಟ್ಟೆಯುರಿ. ಎರಡನೆಯ ಗಂಡನ ಜೊತೆ ಕೊನೆತನಕ ಚೆನ್ನಾಗಿ ಬಾಳಿದಳಂತೆ. ಅಭಿನಯಕ್ಕೆ ದೊಡ್ಡ ಬಹುಮಾನ ಬಂದಿತ್ತಂತೆ. ಮುದುಕಿಯಾದ ಮೇಲೂ ಮುಖದ ಕಳೆ ಮಾಸಿರಲಿಲ್ಲವಂತೆ. ಚಿತ್ರ ಬೇರೆ ಹಾಕಿದ್ದರು. ನಾನು ಕನ್ನಡಕ ಒರೆಸಿಕೊಂಡು ಕೆನ್ನೆಯ ಹತ್ತಿರ ಹತ್ತಿರ ನೋಡಿದೆ. ಒಂದು ಕಲೆಯೂ ಇರಲಿಲ್ಲ. ಅವಳನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ ಚಾಮರಾಜನಗರದ ನಮ್ಮ ಅಡಿಗೆಮನೆಯಲ್ಲಿ ಕೂತು ಕೊಂದಿದ್ದೆ. ಅವಳಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ನಮ್ಮತ್ತೆಗೆ.

ಅತ್ತೆ ಎಂದರೆ ಅಪ್ಪನ ತಂಗಿ. ಗುಂಡ್ಲುಪೇಟೆಗೆ ಕೊಟ್ಟಿದ್ದರು. ಐದು ವರ್ಷ ಕಳೆದರೂ ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು, ಇವಳನ್ನು ಒಂದು ತಗಡಿನ ಟ್ರಂಕಿನ ಜೊತೆ ಬೆಳಗಿನ ಬಸ್ಸಿಗೆ ಹತ್ತಿಸಿ ಕಳಿಸಿದ. ಟ್ರಂಕು ಬಸ್ಸಿನ ಮೇಲೆ ಸರಿಯಾಗಿ ಕೂತಿತೋ ಇಲ್ಲವೋ ನೋಡಿದನಂತೆ, ಇವಳಿಗೆ ಸೀಟು ಸಿಕ್ಕಿತೋ ಇಲ್ಲವೋ ನೋಡಲಿಲ್ಲವಂತೆ. ಆಮೇಲೆ ಕುಲದ ಹಿರಿಯರು ಕೂತು ತಾಳಿ ವಾಪಸು ಕೊಡಿಸಿ ಬಿಡುಗಡೆ ಮಾಡಿದರು. ಆಗ ಅವಳಿಗೆ ಇಪ್ಪತ್ತಮೂರು.

ನಮ್ಮದು ಪೇಟೆಬೀದಿಯಲ್ಲಿ ದಿನಸಿ ಅಂಗಡಿ. ವಿಭೂತಿ ಹಚ್ಚದೆ ನೀರು ಮುಟ್ಟದ ಮನೆ. ಆದರೆ ನಮ್ಮಜ್ಜಿಯ ಬಾಯಿಗೆ ಆ ವಿಭೂತಿ ತಾಕಿರಲಿಲ್ಲ. ಹೆತ್ತ ಮಗಳು ಹೊಸ್ತಿಲ ಮೇಲೆ ನಿಂತಿದ್ದಾಗ ಅವಳು ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ತಿರುಗಿ ಬಂದ ಮಾಲ ಅಂಗ್ಡಿ ಮುಂದ್ಗಡೆ ಇಡಾಕಾಯ್ತದಾ? ಇಂದಕ್ ನಡಿ." ಅತ್ತೆ ಟ್ರಂಕು ಎತ್ತಿಕೊಂಡು ಹಿಂದಕ್ಕೆ ನಡೆದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಿದ್ದ ಅಜ್ಜಿ, ಆ ಹೊರಗಿನವಳ ಕೈಯಲ್ಲೇ ಮನೆಯ ಒಳಗಿನ ಕೆಲಸವನ್ನೆಲ್ಲ ಮಾಡಿಸಿಕೊಂಡಳು. ನಮ್ಮವ್ವನಿಗೆ ಉಬ್ಬಸ, ವರ್ಷದಲ್ಲಿ ಆರು ತಿಂಗಳು ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ಹೀಗಾಗಿ ನೀರು ಸೇದುವುದು, ರಾಗಿ ಬೀಸುವುದು, ಮುದ್ದೆ ತೊಳಸುವುದು, ಅವ್ವನ ಬೆನ್ನು ತಿಕ್ಕುವುದು, ಎಲ್ಲ ಅತ್ತೆಯ ಪಾಲಿಗೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಂಗಡಿಗೆ ಪೊಟ್ಟಣ ಅಂಟಿಸುವ ಕೆಲಸ.

ಪೊಟ್ಟಣಕ್ಕೆ ಬೇಕಾದ ಹಳೆಯ ಕಾಗದವನ್ನು ಒಬ್ಬ ಸಾಬರು ತಂದು ಕೊಡುತ್ತಿದ್ದರು. ಊಟಿಯ ಬಂಗಲೆಗಳಲ್ಲಿ ಓದಿ ಬಿಸಾಡಿದ ಪತ್ರಿಕೆಗಳು ಲಾರಿಯಲ್ಲಿ ಗುಂಡ್ಲುಪೇಟೆ ಮೇಲೆ ಇಳಿದು ಅವರ ಕೈಗೆ ಬರುತ್ತಿದ್ದವು. ಅದರಲ್ಲಿ ನುಣುಪಾದ ಹಾಳೆಗಳಿಗೆ ಮೈದಾ ಅಂಟು ಹಿಡಿಯುತ್ತಿರಲಿಲ್ಲ. ಕಾಳು ತುಂಬಿದರೆ ಪೊಟ್ಟಣ ಬಿಚ್ಚಿಕೊಂಡು ಗಿರಾಕಿಯ ಕಾಲಮೇಲೆ ಸುರಿಯುತ್ತಿತ್ತು. ಅಪ್ಪ ಅಂಥ ಹಾಳೆಗಳನ್ನು ಬೈದು ಬದಿಗೆ ಎಸೆಯುತ್ತಿದ್ದರು. ಮನೆಯಲ್ಲಿ ಅತ್ತೆಗೆ ಅಂತ ಸಿಕ್ಕ ಆಸ್ತಿ ಅದೊಂದೇ, ಅಂಟು ಹಿಡಿಯದ ಹಾಳೆಗಳು.

ಮೊದಲ ಚುನಾವಣೆ ಮುಗಿದ ವರ್ಷ ಊರಿಗೆ ಟೂರಿಂಗ್ ಟಾಕೀಸ್ ಬಂತು. ಅಜ್ಜಿ ದೇವರ ಚಿತ್ರ ನೋಡಬೇಕೆಂದು ಹಟ ಹಿಡಿದು ನಮ್ಮನ್ನೆಲ್ಲ ಸಂಜೆಯ ಆಟಕ್ಕೆ ಹೊರಡಿಸಿದಳು. ಅವತ್ತು ಮೈಸೂರಿನಿಂದ ರೈಲಿನಲ್ಲಿ ಬಂದ ಫಿಲಂ ಡಬ್ಬವೇ ಬೇರೆ. ದೇವರ ಬದಲು ಇಂಗ್ಲಿಷ್ ಚಿತ್ರ. ಜನರನ್ನು ವಾಪಸು ಕಳಿಸುವ ಮನಸ್ಸು ಯಾರಿಗಿರುತ್ತದೆ? ಟೆಂಟಿನವನು ಗೇಟು ಕಾಯುವವನನ್ನು ಪರದೆಯ ಪಕ್ಕದಲ್ಲಿ ನಿಲ್ಲಿಸಿ ಕಥೆ ಹೇಳಿಸಿದ. ಅವನಿಗೆ ಇಂಗ್ಲಿಷೂ ಇಲ್ಲ, ನಾಚಿಕೆಯೂ ಇಲ್ಲ. "ಈಗ ನೋಡ್ರಪ್ಪಾ, ಆಯಮ್ಮ ಗಂಡನ ಕಾಲ್ಗೆ ಬೀಳ್ತಾಳೆ" ಎಂದು ಕೂಗಿದ. ಪರದೆಯ ಮೇಲೆ ಆ ನಟಿ ಗಂಡನ ಕೆನ್ನೆಗೆ ಪಟೀರೆಂದು ಬಾರಿಸಿ, ಬಾಗಿಲು ದಡಾರನೆ ಹಾಕಿಕೊಂಡು, ಒಂದು ಪೆಟ್ಟಿಗೆ ಹಿಡಿದು ಹೊರಟೇಹೋದಳು. ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ಅಜ್ಜಿ ಶಿವ ಶಿವ ಎಂದು ಕಣ್ಣು ಮುಚ್ಚಿಕೊಂಡಳು. ನನ್ನ ಪಕ್ಕ ಮರಳ ಮೇಲೆ ಕೂತಿದ್ದ ಅತ್ತೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮಾರನೆಯ ದಿನವೂ ನೋಯುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಹೇಳುವುದು ಹೇಗೆ ಎಂಬುದನ್ನು ನಾನು ಕಲಿತದ್ದು ಆ ಗೇಟಿನವನಿಂದ.

ಅದಾಗಿ ಹತ್ತು ದಿನಕ್ಕೆ ನುಣುಪು ಹಾಳೆಗಳಲ್ಲಿ ಅತ್ತೆಗೆ ಆ ನಟಿಯ ಮುಖ ಸಿಕ್ಕಿತು. ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, "ಇದ್ರಲ್ಲಿ ಏನ್ ಬರ್ದದೆ ಓದೇಳು ಕೂಸೇ" ಎಂದಳು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವಳು ನಾನೊಬ್ಬಳೇ, ಹಾಳೂರಿಗೆ ಉಳಿದವನೇ ಗೌಡ. ನಾಲ್ಕು ಸಾಲಿಗೆ ಒಂದು ಸಾಲು ಅರ್ಥವಾಗುತ್ತಿತ್ತು, ಮಿಕ್ಕದ್ದನ್ನು ಕಟ್ಟಿ ಹೇಳುತ್ತಿದ್ದೆ. ಕೂಲಿ ಇಲ್ಲದೆ ಓದುತ್ತಿರಲಿಲ್ಲ. ಒಂದು ಹಾಳೆ ಓದಲು ಅತ್ತೆ ನನ್ನ ಕಾಲು ಒತ್ತಬೇಕಾಗಿತ್ತು. ಬೆಳಗಿನಿಂದ ದುಡಿದು ಬಂದವಳು ಪೊಟ್ಟಣದ ರಾಶಿಯ ಪಕ್ಕ ಕೂತು ಹನ್ನೆರಡು ವರ್ಷದ ಹುಡುಗಿಯ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಕೈ ನಿಂತರೆ ನಾನು ಓದು ನಿಲ್ಲಿಸುತ್ತಿದ್ದೆ.

ಹೀಗೆ ಒಂದು ವರ್ಷದಲ್ಲಿ ಆ ನಟಿಯ ಬದುಕು ತುಂಡು ತುಂಡಾಗಿ ನಮ್ಮ ಅಡಿಗೆಮನೆಗೆ ಬಂತು. ಅವಳ ತಾಯಿ ಬೇರೆಯವರ ಬಟ್ಟೆ ಒಗೆದು ಸಾಕಿದವಳು. ಮಗಳು ಚಿಕ್ಕಂದಿನಲ್ಲೇ ನಾಟಕದವರ ಜೊತೆ ಸೇರಿ ಕುಣಿದಳು. ಸಿನಿಮಾದವರು ಅವಳ ಹಲ್ಲು ಸರಿಮಾಡಿಸಿದರು, ಹೆಸರು ಬದಲಾಯಿಸಿದರು. ಮೊದಲ ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಬಿಟ್ಟು ಬಂದಳು. ಬಿಟ್ಟು ಬಂದ ಮೇಲೆ ಮಾಡಿದ ಚಿತ್ರಕ್ಕೇ ಬಹುಮಾನ. ಇಷ್ಟು ನಿಜ. ಇದರ ಮೇಲೆ ನಾನು ಎಷ್ಟು ಮಣ್ಣು ಮೆತ್ತಿದೆನೋ ಲೆಕ್ಕವಿಲ್ಲ. ಅತ್ತೆ ಬಹುಮಾನದ ಬಗ್ಗೆ ಕೇಳುತ್ತಿರಲಿಲ್ಲ. ಅವಳು ಕೇಳುತ್ತಿದ್ದುದೇ ಬೇರೆ: "ಗಂಡನ್ ಬುಟ್ಟು ಬಂದಾಗ ಅವ್ರವ್ವ ಒಳೀಕ್ ಸೇರುಸ್ಕಂಡ್ಲಾ?" "ಬೀದೀಲಿ ಜನ ನಗ್ನಿಲ್ವಾ?" ಸೇರಿಸಿಕೊಂಡಳು, ನಗಲಿಲ್ಲ ಎಂದು ಹೇಳಿ ನಾನು ಇನ್ನೊಂದು ಕಾಲು ಚಾಚುತ್ತಿದ್ದೆ.

ಆ ಹೊತ್ತಿಗೆ ಬೇಗೂರಿನ ಕಡೆಯಿಂದ ಮಾತು ಬಂತು. ಹೆಂಡತಿ ಸತ್ತವನು. ಬೇಸಾಯದ ಜೊತೆ ಸಣ್ಣದೊಂದು ಅಂಗಡಿ ಇಟ್ಟಿದ್ದ, ಸಾಮಾನಿಗೆಂದು ನಮ್ಮಲ್ಲಿಗೆ ಬರುತ್ತಿದ್ದ. ಒಮ್ಮೆ ಅತ್ತೆ ನೀರು ತಂದುಕೊಟ್ಟು, ಚೊಂಬು ವಾಪಸು ಒಯ್ಯಲು ಕಂಬದ ಮರೆಯಲ್ಲಿ ಕಾದಿದ್ದಾಗ ಅವನು ಅಪ್ಪನಿಗೆ, "ಆಯಮ್ಮ ಆವಾಗ್ನಿಂದ ನಿಂತೇ ಅವ್ರೆ, ಕೂತ್ಕಳಾಕೇಳಿ ಅಣ್ಣ" ಎಂದನಂತೆ. ಅತ್ತೆ ಈ ಮಾತನ್ನು ನನಗೆ ಕಮ್ಮಿಯೆಂದರೂ ಇಪ್ಪತ್ತು ಸಲ ಹೇಳಿದ್ದಾಳೆ.

ಎರಡನೆಯ ಸಂಬಂಧಕ್ಕೆ ನಮ್ಮಲ್ಲಿ ಸೀರೆ ಉಡಿಕೆ ಎನ್ನುತ್ತಿದ್ದರು. ಓಲಗವಿಲ್ಲ, ಚಪ್ಪರವಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಂಡಿನ ಕಡೆಯವರು ತಂದ ಸೀರೆ ಉಡಿಸಿ ಹಿತ್ತಲ ಬಾಗಿಲಿಂದ ಕಳಿಸುವುದು. ಮುತ್ತೈದೆಯರು ಆಗ ಮುಖ ತಿರುಗಿಸಿ ಕೂರಬೇಕು. ಹಾಗೆ ಹೋದವಳನ್ನು ಮುಂದೆ ಮದುವೆ ಮನೆಗೆ ಕರೆಯುವುದಿಲ್ಲ, ಆರತಿ ತಟ್ಟೆ ಮುಟ್ಟಿಸುವುದಿಲ್ಲ. ಆದರೂ ಅದು ಸಂಸಾರವೇ, ಅವಳ ಒಲೆ ಅವಳದೇ. ಅಪ್ಪನಿಗೆ ಒಪ್ಪಿಗೆಯಿತ್ತು. ಅತ್ತೆಗೂ ಮನಸ್ಸಿತ್ತು, ಕಣ್ಣಲ್ಲೇ ಕಾಣುತ್ತಿತ್ತು. ಅಜ್ಜಿ ಮಾತ್ರ ಹಗಲೂ ಇರುಳೂ, "ಎರಡ್ನೇ ಸೀರೆ ಉಟ್ಟೋಳು ಯಾವಳು ಉದ್ದಾರ ಆಗವ್ಳೆ, ಒಬ್ಳ ಎಸ್ರೇಳು" ಎಂದು ಅವಳ ತಲೆ ತಿನ್ನುತ್ತಿದ್ದಳು. ಅತ್ತೆಗೆ ಒಬ್ಬಳ ಹೆಸರೂ ಹೇಳಲಾಗುತ್ತಿರಲಿಲ್ಲ. ಉಡಿಕೆಯಾದ ಹೆಂಗಸರನ್ನು ನಮ್ಮ ಮನೆಯವರು ಮಾತಾಡಿಸುತ್ತಲೇ ಇರಲಿಲ್ಲವಲ್ಲ. ಅವಳಿಗೆ ಗೊತ್ತಿದ್ದವಳು, ಗಂಡನ ಮನೆಯ ಬಾಗಿಲು ದಾಟಿ ಬಂದೂ ಬದುಕಿದವಳು, ಆ ಹಾಳೆಗಳಲ್ಲಿದ್ದವಳೊಬ್ಬಳೇ.

ಅಜ್ಜಿ ನನ್ನನ್ನೂ ಬಿಡಲಿಲ್ಲ. ಒಂದು ಬೆಳಿಗ್ಗೆ ನನ್ನ ಜಡೆ ಹಿಡಿದೆಳೆದು ಹೇಳಿದಳು: "ಅವ್ಳು ಬೇಗೂರ್ ಬಸ್ ಅತ್ತಿದ್ ದಿನ್ವೇ ನಿನ್ ಇಸ್ಕೂಲು ಬಂದ್. ಈ ಮನೇಗೆ ಒಲೆ ಮುಂದೆ ಒಬ್ಳು ಎಣ್ಣು ಬೇಕು. ಅವ್ಳಲ್ದಿದ್ರೆ ನೀನು." ಅವಳು ಸುಮ್ಮನೆ ಬೆದರಿಸುವವಳಲ್ಲ. ನಾನು ತರಗತಿಗೇ ಮೊದಲಿಗಳಾಗಿದ್ದೆ. ಹೈಸ್ಕೂಲು ಓದುವ ಆಸೆ ನನ್ನನ್ನು ಹುಚ್ಚಿಯ ಹಾಗೆ ಹಿಡಿದಿತ್ತು. ಅವತ್ತಿನಿಂದ ಅತ್ತೆಯ ನಗು ಕಂಡರೆ ನನಗೆ ಮೈಯುರಿಯತೊಡಗಿತು.

ಬೇಗೂರಿನವರು ವೀಳ್ಯದ ಶಾಸ್ತ್ರಕ್ಕೆ ಬರುವ ದಿನ ಬೆಳಿಗ್ಗೆ ಅತ್ತೆ ಕಜ್ಜಾಯ ಕರಿಯುತ್ತಿದ್ದಳು. ಹಿಂದಿನ ದಿನ ಬಂದ ಕಾಗದದ ಕಟ್ಟಿನಲ್ಲಿ ಅವಳಿಗೆ ಹೊಸ ಹಾಳೆ ಸಿಕ್ಕಿತ್ತು. ನಟಿ ಒಬ್ಬ ಟೋಪಿಯವನ ತೋಳು ಹಿಡಿದು ನಗುತ್ತಾ ನಿಂತಿದ್ದಳು.

"ಇವ್ನು ಯಾರಮ್ಮಿ?"

"ಎರಡ್ನೇ ಗಂಡ," ಎಂದೆ.

ಅತ್ತೆ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿದಳು. "ಎರಡ್ನೇದು ಮಾಡ್ಕಂಡ್ಳಾ? ಮಾಡ್ಕಂಡ್ಮೇಲೆ ಎಂಗವ್ಳೆ? ಅದೊಂದು ಓದೇಳ್ಬುಡು ಕೂಸೇ. ಕಾಲು ಆಮೇಲೆ ಒತ್ತೀನಿ."

ನನಗೆ ಒಂದು ಸಾಲೂ ಬಿಡದೆ ಅರ್ಥವಾದ ಮೊದಲನೆಯ ಹಾಳೆ ಅದು. ಗೆಳೆಯರ ಮನೆಯ ತೋಟದಲ್ಲಿ ಮದುವೆಯಾಯಿತಂತೆ. ನೀಲಿ ಬಣ್ಣದ ಸಾದಾ ಉಡುಪು ತೊಟ್ಟಿದ್ದಳಂತೆ. ಎಷ್ಟೋ ವರ್ಷಗಳ ನಂತರ ಹೆದರಿಕೆಯಿಲ್ಲದೆ ನಿದ್ದೆ ಮಾಡುತ್ತಿದ್ದೇನೆ ಎಂದು ಹೇಳಿದಳಂತೆ. ನಾನು ಹಾಳೆಯ ಮೇಲೆ ಬೆರಳಾಡಿಸುತ್ತಾ ಓದುತ್ತಿದ್ದೆ. ಎದುರಿಗೆ ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡುತ್ತಿತ್ತು.

"ಎರಡ್ನೇ ಗಂಡ ಕಾದ್ ಎಣ್ಣೆ ಮೊಖಕ್ಕೆ ಎರಚ್ಬುಟ್ನಂತೆ ಅತ್ತೆ."

"ಶಿವನೇ! ಯಾಕಂತೆ?"

"ಇನ್ನೂವೆ ಮೊದಲ್ನೇವ್ನ ನೆನಸ್ಕತಿಯಾ ಅಂತ. ಮೊಖ ಎಲ್ಲ ಬೆಂದೋಯ್ತಂತೆ. ಸಿನಿಮಾದೋರು ಬ್ಯಾಡ ಅಂದ್ಬುಟ್ರಂತೆ. ಇದೇ ಕೊನೆ ಪಟ ಅಂತೆ, ಬೇಯೋಕ್ ಮುಂಚೆ ತಗ್ದಿದ್ದು. ಆಸ್ಪತ್ರೇಲಿ ಒಂದ್ ತೊಟ್ಟು ನೀರ್ ಬುಡೋರಿಲ್ದೆ ಸತ್ತೋದ್ಲಂತೆ."

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. "ಸಾಯಾಗ ಏಳಿದ್ಲಂತೆ, ಎಣ್ಮಕ್ಳು ಒಂದ್ಸಲ ಕೆಟ್ಟಿದ್ದೇ ಸಾಕು, ಎರಡ್ನೇ ಸಲ ಓಗ್ಬ್ಯಾಡಿ ಅಂತ."

ಅತ್ತೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಗಂಡಸನ್ನು ನೋಡಿದಳು. "ಮೊಖ ನೋಡುದ್ರೆ ಅಂಗೆ ಕಾಣಲ್ವಲ್ಲಮ್ಮಿ, ಒಳ್ಳೇವ್ನಂಗ್ ಅವ್ನೆ."

"ಟೋಪಿ ಆಕ್ಕಂಡವ್ನೆ. ಕಣ್ಣು ಕಾಣ್ತದಾ ನಿಂಗೆ?"

ಅವಳು ತುಂಬ ಹೊತ್ತು ಟೋಪಿಯ ಕೆಳಗಿನ ನೆರಳನ್ನೇ ನೋಡಿದಳು. ಹಿಟ್ಟು ಮೆತ್ತಿದ ಕೈಯಿಂದ ತನ್ನ ಕೆನ್ನೆ ಮುಟ್ಟಿಕೊಂಡಳು. ಬಾಣಲೆಯಲ್ಲಿದ್ದ ಕಜ್ಜಾಯಗಳು ಕರ್ರಗೆ ಸೀದವು, ಅದಕ್ಕೂ ಅಜ್ಜಿಯಿಂದ ಬೈಸಿಕೊಂಡಳು.

ಮಧ್ಯಾಹ್ನ ಬೇಗೂರಿನವರು ಬಂದು ಚಾಪೆಯ ಮೇಲೆ ಕೂತಾಗ ಅತ್ತೆ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಅವ್ವನ ಕೈಯಲ್ಲಿ ನಂಗೆ ಬ್ಯಾಡ ಎಂದು ಹೇಳಿಸಿದಳು. ಅಪ್ಪ ಒಳಗೆ ಬಂದು ಬೈದರು, ಗದರಿದರು, ಕೊನೆಗೆ ಕೈಮುಗಿದರು. ಅವಳು ಬೂದಿ ಕೆದಕುತ್ತಾ ಕೂತಿದ್ದಳು. ಬಂದವರು ಮರ್ಯಾದಸ್ಥರು, ಒಂದೊಂದು ಕಜ್ಜಾಯ ತಿಂದು ಎದ್ದರು. ಅಜ್ಜಿ, "ಈಗ್ಲಾದ್ರೂ ಬುದ್ದಿ ಬಂತಲ್ಲ ಮುಂಡೇದ್ಕೆ" ಎಂದು ಖುಷಿಯಾಗಿ ಎಲೆಯಡಿಕೆ ಹಾಕಿಕೊಂಡಳು. ನಾನು ಸ್ಲೇಟು ಚೀಲ ಹಾಕಿಕೊಂಡು ಮಧ್ಯಾಹ್ನದ ಸ್ಕೂಲಿಗೆ ಹೋದೆ. ಲೆಕ್ಕದ ಮೇಷ್ಟ್ರು ಅವತ್ತು ನನ್ನನ್ನು ಹೊಗಳಿದರು. ನನಗೆ ಸಂತೋಷವಾಗಿತ್ತು. ಸುಳ್ಳೇಕೆ ಹೇಳಲಿ, ತುಂಬ ಸಂತೋಷವಾಗಿತ್ತು.

ಆಮೇಲೂ ಆ ನಟಿಯ ಚಿತ್ರಗಳು ಬಂದವು. ಸತ್ತವಳು ಮಗುವನ್ನೆತ್ತಿಕೊಂಡು ನಗುತ್ತಿದ್ದಳು, ಸತ್ತವಳು ಹಡಗು ಹತ್ತುತ್ತಿದ್ದಳು. ಕಟ್ಟು ಬಿಚ್ಚಿದ ಕೂಡಲೇ ನಾನೇ ಮೊದಲು ಹೆಕ್ಕಿ ಹಂಡೆಯ ಒಲೆಗೆ ಹಾಕುತ್ತಿದ್ದೆ. ಸ್ನಾನದ ನೀರು ಚೆನ್ನಾಗಿ ಕಾಯುತ್ತಿತ್ತು. ಬೇಗೂರಿನವನು ಬೇರೆ ಕಡೆಯಿಂದ ಹೆಣ್ಣು ತಂದ. ಎರಡು ಮಕ್ಕಳಾದವು. ಒಮ್ಮೆ ಆ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದ. ಅತ್ತೆಯೇ ನೀರು ಕೊಟ್ಟಳು, ಕಂಬದ ಮರೆಯಲ್ಲಿ ನಿಂತು ಚೊಂಬಿಗೆ ಕಾದಳು. ಈ ಸಲ ಅವನು ಕೂರಲು ಹೇಳಲಿಲ್ಲ.

ಇನ್ನು ನನ್ನ ಓದು. ಎರಡೇ ವರ್ಷಕ್ಕೆ ಅಜ್ಜಿ ನನ್ನನ್ನು ಸ್ಕೂಲು ಬಿಡಿಸಿದಳು. ಮೈನೆರೆದವಳು ಬೀದಿಯಲ್ಲಿ ಪುಸ್ತಕ ಹಿಡಿದು ಓಡಾಡಬಾರದಂತೆ. ಅತ್ತೆ ಒಲೆಯ ಮುಂದೆ ಇದ್ದೂ ನಾನು ಅವಳ ಪಕ್ಕದಲ್ಲೇ ಬಂದು ಕೂತೆ. ನನ್ನ ಎರಡು ವರ್ಷದ ಓದಿಗೆ ಅವಳ ಇಡೀ ಬಾಳು ಕೊಟ್ಟದ್ದಾಯಿತು. ಹದಿನಾರಕ್ಕೆ ನನ್ನ ಮದುವೆ, ಹದಿನೆಂಟಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಮೈದುನ ನನ್ನನ್ನು ತಂದು ಬಿಟ್ಟಾಗ ಅಜ್ಜಿ ಅದೇ ಹೊಸ್ತಿಲ ಹತ್ತಿರ ಕೂತಿದ್ದಳು. ಕಣ್ಣು ಮಂಜಾಗಿತ್ತು, ನಾಲಿಗೆ ಮಂಜಾಗಿರಲಿಲ್ಲ. "ಇನ್ನೊಂದ್ ತಿರುಗಿ ಬಂತಾ?" ಎಂದಳು.

ಹೊಸ ಮೈಸೂರು ರಾಜ್ಯವಾಗಿ ಎರಡು ಮೂರು ವರ್ಷವಾಗಿತ್ತು. ಬಂಡೀಪುರದ ಕಾಡಿನ ಇಲಾಖೆಯಲ್ಲಿ ಗುಮಾಸ್ತನಾಗಿ ಗುಂಡ್ಲುಪೇಟೆಯಲ್ಲಿ ಮನೆ ಮಾಡಿದ್ದವನೊಬ್ಬ ನನ್ನನ್ನು ಕೇಳಿ ಕಳಿಸಿದ. ಹೆಂಡತಿ ಸತ್ತಿದ್ದಳು. ಓದಿದವಳೇ ಬೇಕು ಎಂದನಂತೆ. ನಾನು ಕುಣಿದಾಡುವುದೊಂದು ಬಾಕಿ. ಆಗ ಅತ್ತೆ ನನ್ನ ಕೈಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಬ್ಯಾಡ ಕೂಸೇ. ಆ ಅಮೇರಿಕದೋಳ ಗತಿ ಮರ್ತ್‌ಬುಟ್ಯಾ? ನೀನೇ ಅಲ್ವಾ ಓದೇಳಿದ್ದು. ಅಷ್ಟ್ ದೊಡ್ಡೋಳು, ಬೌಮಾನ ಇಸ್ಕಂಡೋಳು, ಅವ್ಳಿಗೇ ಅಂಗಾದ್ರೆ ನಾವ್ಯಾವ್ ಲೆಕ್ಕ?"

ಅವಳು ಅಳುತ್ತಿದ್ದಳು. ತನಗಾಗಿ ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನನಗಾಗಿ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಕಕ್ಕಿಬಿಟ್ಟೆ. ಎಣ್ಣೆ ಸುಳ್ಳು, ಆಸ್ಪತ್ರೆ ಸುಳ್ಳು, ಅವಳು ಬದುಕಿದ್ದಾಳೆ, ಮಕ್ಕಳಾಗಿವೆ, ಸ್ಕೂಲು ತಪ್ಪುತ್ತದೆಂದು ನಾನೇ ಕಟ್ಟಿದೆ, ನನ್ನನ್ನು ಹೊಡಿ ಅತ್ತೆ, ಒದಿ ಎಂದೆ.

ಅತ್ತೆ ಅಳು ನಿಲ್ಲಿಸಿದಳು. ಎದ್ದು ಹೋಗಿ ತಗಡಿನ ಟ್ರಂಕು ತೆಗೆದು, ಸೀರೆಯ ಮಡಿಕೆಯೊಳಗಿಂದ ಆ ಟೋಪಿಯವನ ಹಾಳೆ ತಂದಳು. ಎಣ್ಣೆಯ ಬೆರಳಿನ ಗುರುತು ಇನ್ನೂ ಇತ್ತು. "ಓದು," ಎಂದಳು.

ಓದಿದೆ. ತೋಟ, ನೀಲಿ ಉಡುಪು, ಹೆದರಿಕೆಯಿಲ್ಲದ ನಿದ್ದೆ. ಒಂದು ಮಾತೂ ಕೂಡಿಸದೆ, ಒಂದು ಮಾತೂ ಬಿಡದೆ ಓದಿದೆ. ಅಷ್ಟು ಪ್ರಾಮಾಣಿಕವಾಗಿ ಅವಳಿಗೆ ನಾನು ಹಿಂದೆ ಎಂದೂ ಓದಿ ಹೇಳಿರಲಿಲ್ಲ.

ಅತ್ತೆ ನನ್ನ ಮುಖವನ್ನೇ ನೋಡುತ್ತಾ ಕೇಳಿ, ನಕ್ಕಳು. "ಈಗ ಸುಳ್ಳು ಓದ್ತಿದ್ದೀಯೆ ಕಣಮ್ಮಿ. ನಿಂಗೆ ಓಗ್ಬೇಕು ಅಂತ ಆಸೆ ಆಗದೆ, ಅದ್ಕೆ ಅಕ್ಸರ ಎಲ್ಲ ನಿಂಗ್ ಬೇಕಾದಂಗೆ ಕಾಣ್ತವೆ. ಅವತ್ತು ನೀನು ಇಷ್ಟುದ್ದ ಇದ್ದೆ. ಕಾದೆಣ್ಣೆ ಅಂತ ಮಗೀನ್ ಬಾಯಲ್ಲಿ ತಾನಾಗೇ ಬಂದಾದಾ?"

"ಬಾಣಲೆ ಎದುರ್ಗೇ ಇತ್ತು ಅತ್ತೆ. ಅದ ನೋಡೇ ಏಳ್ದೆ," ಎಂದು ಕಿರುಚಿದೆ.

"ಬುಡು, ಬುಡು," ಎಂದು ಅವಳು ನನ್ನ ತಲೆ ಸವರಿದಳು. ಹಾಳೆಯನ್ನು ಮೊದಲಿದ್ದ ಗೆರೆಗಳಲ್ಲೇ ಮಡಿಸಿ ಟ್ರಂಕಿನಲ್ಲಿಟ್ಟು, ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದಳು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತು ಎಂದರೆ, ಅವಳನ್ನು ಅಲ್ಲೇ ಬಿಟ್ಟು ಹೋಗಬೇಕು ಎಂದು ಆ ಗಳಿಗೆಯಲ್ಲಿ ತೀರ್ಮಾನ ಮಾಡಿದೆ. ಹಾಗೇ ಹೋದೆ. ಒಂದು ಸಂಜೆ ಹಿತ್ತಲ ಬಾಗಿಲಿಂದ, ಹೊಸ ಸೀರೆ ಉಟ್ಟುಕೊಂಡು. ಅವ್ವ ಗೋಡೆಯ ಕಡೆ ತಿರುಗಿ ಕೂತಿದ್ದಳು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ.

ಗುಂಡ್ಲುಪೇಟೆಯ ನನ್ನ ಸಂಸಾರ ಚೆನ್ನಾಗಿತ್ತು. ಒಳ್ಳೆಯ ಮನುಷ್ಯ, ಮನೆಗೆ ಪುಸ್ತಕ ತಂದುಕೊಡುತ್ತಿದ್ದ. ಮೂರು ತಿಂಗಳಿಗೊಮ್ಮೆ ತವರಿಗೆ ಹಿತ್ತಲ ಬಾಗಿಲಿಂದಲೇ ಬಂದಾಗ ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದೆ. ಅವಳು ಹೂಂ ಹೂಂ ಎನ್ನುತ್ತಿದ್ದಳೇ ಹೊರತು ನಂಬುತ್ತಿರಲಿಲ್ಲ. ನಾನು ಬಸ್ಸಿನ ಧೂಳು ತೊಳೆದುಕೊಳ್ಳುವ ಮೊದಲೇ ಹತ್ತಿರ ಬಂದು, ಮಸಿ ಹಿಡಿದ ಕೈಯಲ್ಲಿ ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೊದಲು ಈ ಕೆನ್ನೆ, ಆಮೇಲೆ ಆ ಕೆನ್ನೆ, ಎಲ್ಲಾದರೂ ಸುಟ್ಟ ಗಾಯ ಇದೆಯಾ ಎಂದು ಹುಡುಕುತ್ತಿದ್ದಳು.